ನೀರಿಗೆ ಹಾಕಿದ ಫೋನು

ಬಟ್ಟೆಯನ್ನು ನೀರಿಗೆ ಹಾಕದೆ ಕತ್ತರಿ ಇಡುವವನು ದರ್ಜಿಯೇ ಅಲ್ಲ ಎನ್ನುವುದು ಮಾಸ್ಟರರ ಸಿದ್ಧಾಂತ. ಗಿರಾಕಿ ಎಷ್ಟೇ ಅವಸರ ಮಾಡಲಿ, ಅಂಗಲಾಚಲಿ, ತಂದ ಬಟ್ಟೆ ಬಕೆಟ್ಟಿನಲ್ಲಿ ಮುಳುಗಿ, ನೆರಳಿನಲ್ಲಿ ಒಣಗಿ, ಇಸ್ತ್ರಿಯ ಬಿಸಿ ತಿಂದ ಮೇಲೆಯೇ ಅವರ ಮೇಜು ಹತ್ತಬೇಕು. "ಬಟ್ಟೆ ಅನ್ನೋದು ಹೊಸ ಅಳಿಯ ಇದ್ದ ಹಾಗೆ. ಮೊದಲ ದಿನ ಎಲ್ಲಾ ಅಗಲವಾಗೇ ಕಾಣುತ್ತೆ. ಒಂದ್ಸಲ ನೀರು ಬಿದ್ದ ಮೇಲೇ ನಿಜವಾದ ಅಳತೆ ಗೊತ್ತಾಗೋದು" ಎನ್ನುತ್ತಿದ್ದರು. ಈ ಮಾತನ್ನು ಅವರು ತಮ್ಮ ಅಳಿಯನ ಎದುರಿಗೂ ಹೇಳಿದ್ದರು. ಅಳಿಯ ಅಂದಿನಿಂದ ರೆಡಿಮೇಡ್ ಬಟ್ಟೆ ತೊಡುತ್ತಾನೆ.

ಚಪ್ಪಲಿ ಹೊಲಿಯುವವನ ಕಟ್ಟೆಗೂ ಜೆರಾಕ್ಸ್ ಅಂಗಡಿಗೂ ನಡುವೆ, ಹತ್ತಡಿ ಉದ್ದ ಎಂಟಡಿ ಅಗಲದ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಸೊಂಟದ ಎತ್ತರಕ್ಕೆ ಸರಿಯಾಗಿ ಬಿರುಕು ಬಿಟ್ಟ ಒಂದು ನಿಲುಗನ್ನಡಿ, ಬಾಗಿಲ ಬಳಿ ಗಿರಾಕಿಗಳಿಗಾಗಿ ಒಂದು ಮರದ ಬೆಂಚು. ಒಳಮೂಲೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕಾಜಾ ಅಕ್ಕ. ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಆಕೆಯ ಕೆಲಸ. ಮಾಸ್ಟರರಿಗಿಂತ ನಾಲ್ಕು ವರ್ಷ ದೊಡ್ಡವಳು. ಈ ಅಂಗಡಿಯ ಹತ್ತೊಂಬತ್ತು ವರ್ಷದಲ್ಲಿ ಸೂಜಿ ಎಷ್ಟೋ ಸಲ ಮೊಂಡಾಗಿದೆ, ನಾಲಗೆ ಒಂದು ಸಲವೂ ಆಗಿಲ್ಲ.

ಅಂಗಡಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ಬೇರೆ ದರ್ಜಿಗಳಲ್ಲಿ ಬಟ್ಟೆ ಕೊಟ್ಟರೆ ಬಟ್ಟೆ ಬರುತ್ತದೆ, ಉಳಿದ ತುಂಡು ಎಲ್ಲಿಗೆ ಹೋಯಿತೆಂದು ದೇವರೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಗೇಣುದ್ದದ ಚೂರಾದರೂ ಸರಿ, ಮಡಚಿ, ಗುಂಡುಸೂಜಿ ಚುಚ್ಚಿ, ಹೊಲಿದ ಬಟ್ಟೆಗೇ ಸಿಕ್ಕಿಸಿ ಕೊಡುತ್ತಿದ್ದರು. ಅಷ್ಟೇ ಆಗಿದ್ದರೆ ಜನ ಹೊಗಳಿ ಸುಮ್ಮನಾಗುತ್ತಿದ್ದರು. ಮಾಸ್ಟರರು ಅಳತೆ ಪುಸ್ತಕ ತೆರೆದು, ಗಿರಾಕಿಯ ಅಳತೆಯ ಕೆಳಗೆ "ಉಳಿದದ್ದು ವಾಪಸ್ಸು ಬಂತು" ಎಂದು ಬರೆದು, ಅದಕ್ಕೆ ಸಹಿ ಬೇರೆ ಹಾಕಿಸಿಕೊಳ್ಳುತ್ತಿದ್ದರು. "ಒಂದು ಕರ್ಚೀಫಿನಷ್ಟು ಬಟ್ಟೆಗೆ ಸಹಿನಾ ಮಾಸ್ಟ್ರೇ? ಮನೆ ಮಾರಿದಾಗಲೂ ನಾನು ಇಷ್ಟು ಸಹಿ ಹಾಕಿರ್ಲಿಲ್ಲ" ಎಂದು ಜನ ನಗುತ್ತಿದ್ದರು. ಮಾಸ್ಟರರು ನಗುತ್ತಿರಲಿಲ್ಲ.

ನಗದಿರಲು ಕಾರಣವಿತ್ತು. ಅವರ ಅಪ್ಪನೂ ದರ್ಜಿಯೇ. ಒಮ್ಮೆ ದೊಡ್ಡ ಮನೆಯೊಂದರ ಉಣ್ಣೆಯ ಸೂಟಿನ ಬಟ್ಟೆ ಕಾಣೆಯಾಯಿತು. ಕೊಟ್ಟಿದ್ದೇವೆ ಎಂದರು ಅವರು, ಬಂದಿಲ್ಲ ಎಂದ ಅಪ್ಪ. ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಿಸಿದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಮಾತನ್ನೂ ಆಡಲಿಲ್ಲ. ಸಂಜೆ ಆ ಬಟ್ಟೆ ದೊಡ್ಡ ಮನೆಯವರ ಬೀರುವಿನಲ್ಲೇ ಸಿಕ್ಕಿತು. "ನೀನಿನ್ನು ಹೋಗಬಹುದು" ಎಂದರು. ಅಪ್ಪ ಎದ್ದು ಬಂದ. ಆದರೆ ಬೀದಿಯ ಜನ ಅವನು ಕೂತಿದ್ದನ್ನು ನೋಡಿದ್ದರೇ ಹೊರತು ಬೀರುವನ್ನು ನೋಡಿರಲಿಲ್ಲ. ಅಂದಿನಿಂದ ಅಪ್ಪನ ಕೈಯಲ್ಲಿ ಕತ್ತರಿ ನೆಟ್ಟಗೆ ಓಡಲಿಲ್ಲ. ಆಗ ಮಾಸ್ಟರರಿಗೆ ಒಂಬತ್ತು ವರ್ಷ. ಊಟದ ಡಬ್ಬಿ ತೆಗೆದುಕೊಂಡು ಸ್ಟೇಷನ್ನಿಗೆ ಹೋಗಿದ್ದವರು ಅವರೇ. ಅಪ್ಪ ಡಬ್ಬಿ ತೆರೆಯಲಿಲ್ಲ. ಮೊಣಕಾಲ ಮೇಲೆ ಇಟ್ಟುಕೊಂಡು ಕೂತೇ ಇದ್ದ.

ಇಂಥ ಮನುಷ್ಯ ಹೋಗಿ ಹೋಗಿ ಬಸ್ ನಿಲ್ದಾಣದ ಬಳಿ ಚಾದರ ಹಾಸಿ ಕೂತವನಿಂದ ಫೋನು ಕೊಂಡರು.

ಕೊಳ್ಳುವಂತೆ ಮಾಡಿದ್ದು ಕಾಜಾ ಅಕ್ಕ. "ಜನ ಈಗ ಡಿಸೈನು ಫೋಟೋ ಕಳಿಸ್ತಾರೆ ಮಾಸ್ಟ್ರೇ. ನಿಮ್ಮ ಗುಂಡಿ ಫೋನಿಗೆ ಏನು ಕಳಿಸ್ಬೇಕು, ಗುಂಡೀನಾ?" ಎಂದು ತಿಂಗಳಿಡೀ ಚುಚ್ಚಿದ್ದಳು. ಭಾನುವಾರ ಬೆಳಿಗ್ಗೆ ಮಾಸ್ಟರರು ಹೋಗಿ, ಚಾದರದ ಮೇಲಿದ್ದ ಹನ್ನೆರಡು ಫೋನುಗಳಲ್ಲಿ ಒಂದನ್ನು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಬಿಸಿಲಿಗೆ ಹಿಡಿದು, ಹಿಂದು ಮುಂದು ತಿರುಗಿಸಿ ನೋಡಿದರು.

"ಒಬ್ಬ ಡಾಕ್ಟರು ಇಟ್ಕೊಂಡಿದ್ದು ಸಾರ್. ಕೈ ತೊಳೆದೇ ಮುಟ್ತಾ ಇದ್ದಿದ್ದು" ಎಂದ ಮಾರುವವನು.

"ಡಾಕ್ಟರೋ ಕಾಂಪೌಂಡರೋ, ಮಾಲು ಹೇಗಿದೆ ಅಂತ ನನ್ನ ಬೆರಳು ಹೇಳುತ್ತೆ. ಮೂವತ್ತೊಂದು ವರ್ಷ ಬಟ್ಟೆ ಹಿಡಿದ ಕೈ ಇದು. ಮೋಸ ಹೋಗೋ ಕೈಯಲ್ಲ."

ಮೋಸ ಹೋಗದ ಆ ಕೈ ಜೇಬಿಗೆ ಹೋಯಿತು, ಹಣ ಕೊಟ್ಟಿತು. ಬಿಲ್ಲು ಕೇಳಬೇಕೆಂದು ಅದಕ್ಕೆ ಹೊಳೆಯಲಿಲ್ಲ.

ಫೋನು ಚೆನ್ನಾಗಿಯೇ ಇತ್ತು. ಬೀಗವಿರಲಿಲ್ಲ, ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಆದರೆ ತೆರೆದಾಗಲೆಲ್ಲ ಯಾರೋ ಇಟ್ಟುಕೊಂಡಿದ್ದ ಸೂರ್ಯಾಸ್ತದ ಚಿತ್ರ, ಯಾರದೋ ಆ್ಯಪ್‌ಗಳ ಸಾಲು ಸಾಲು ಗುರುತುಗಳು. ಮಾಸ್ಟರರಿಗೆ ಇರುಸುಮುರುಸಾಯಿತು. ಹಳೆಯ ಕೋಟು ಕೊಂಡು, ಅದರ ಜೇಬಿನಲ್ಲಿ ಇನ್ನೊಬ್ಬರ ಕರ್ಚೀಫು ಕೈಗೆ ತಾಕಿದ ಹಾಗೆ. ಒಳಗೆ ಏನಿದೆಯೆಂದು ಅವರು ನೋಡಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಘೋಷಿಸಿದರು: "ಅಕ್ಕಾ, ಇದನ್ನ ನೀರಿಗೆ ಹಾಕ್ಬೇಕು."

ಕಾಜಾ ಅಕ್ಕನ ಸೂಜಿ ನಿಂತಿತು. "ಫೋನನ್ನಾ?"

"ಬಕೆಟ್ಟಿಗಲ್ಲ ಮಾರಾಯ್ತಿ. ಒಳಗಿಂದ ತೊಳೆಯೋದು. ನಿನ್ನ ಫೋನಲ್ಲಿ ವಿಡಿಯೋ ಇರುತ್ತಂತಲ್ಲ, ಹಾಕು."

ವಿಡಿಯೋದಲ್ಲಿ ಎರಡು ದಾರಿ ತೋರಿಸಿದರು. ಒಂದು ಸುಲಭದ್ದು. ಇನ್ನೊಂದು, ಪಕ್ಕದ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಕಪ್ಪು ಪರದೆಯಲ್ಲಿ ಬರುವ ಸಾಲುಗಳಿಂದ ಎಲ್ಲವನ್ನೂ ಬುಡಸಮೇತ ಅಳಿಸುವುದು. ಮೊದಲನೆಯದು ಮಾಸ್ಟರರಿಗೆ ನೀರು ಚಿಮುಕಿಸಿದ ಹಾಗೆ ಕಂಡಿತು. ಮಾಡಿದರೆ ಪೂರ್ತಿ ಮುಳುಗಿಸಬೇಕು. ಮುಳುಗಿಸಿದರು. ಕಾಲು ಗಂಟೆಯಲ್ಲಿ ಫೋನು ಹಸುಳೆಯ ಹಾಗೆ ಕಣ್ಣು ತೆರೆದು, ಯಾವ ಭಾಷೆ ಬೇಕು ಎಂದು ಕೇಳಿತು. ಮಾಸ್ಟರರು ಹಿಗ್ಗಿ ತಮ್ಮ ಭಾಷೆ ಆರಿಸಿದರು. ಆಮೇಲೆ ಪರದೆಯ ಮೇಲೆ ಅದೇ ಭಾಷೆಯಲ್ಲಿ ಬಂತು: "ಈ ಸಾಧನ ಲಾಕ್ ಆಗಿದೆ. ಮಾಲೀಕರ ಖಾತೆಯಿಂದ ಒಳಗೆ ಬನ್ನಿ."

"ನಾನೇ ಕಣಯ್ಯಾ ಮಾಲೀಕ" ಎಂದರು ಮಾಸ್ಟರರು. ತಮ್ಮ ನಂಬರು ಒತ್ತಿದರು. ಒಪ್ಪಲಿಲ್ಲ. ಹೆಂಡತಿಯ ನಂಬರು ಒತ್ತಿದರು. ಅದನ್ನೂ ಒಪ್ಪಲಿಲ್ಲ. ಹಳೆಯ ಬಟ್ಟೆ ತೊಳೆದರೆ ಕೊಳೆ ಬಿಡುತ್ತದೆ. ಈ ಫೋನು ತೊಳೆದ ಮೇಲೆ ಹಳೆಯ ಯಜಮಾನನನ್ನೇ ಹಿಡಿದುಕೊಂಡಿತ್ತು.

ಮಧ್ಯಾಹ್ನ ಮಾಸ್ಟರರು ಫೋನು ರಿಪೇರಿಯ ಅಂಗಡಿಗೆ ಹೋದರು. ರಿಪೇರಿ ಮಾಡುವಾಕೆ ನಡುವಯಸ್ಸಿನ ಹೆಂಗಸು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಿಚ್ಚಿದ ಫೋನೊಂದರ ಮೇಲೆ ಬಗ್ಗಿದ್ದಳು. ತಲೆ ಎತ್ತದೆ ಕೇಳಿದಳು.

"ಬಿಲ್ಲು?"

"ಸೆಕೆಂಡ್ ಹ್ಯಾಂಡು ಕಣಮ್ಮ, ಬಿಲ್ಲೆಲ್ಲಿಂದ ಬರ್ಬೇಕು?"

"ಕೊಟ್ಟವನು?"

"ಬಸ್ ಸ್ಟ್ಯಾಂಡ್ ಹತ್ರ ಕೂತಿದ್ದ."

"ಕೂತಿದ್ದ. ಈಗ?"

ಮಾಸ್ಟರರು ಬರುವ ದಾರಿಯಲ್ಲಿ ಆ ಜಾಗ ನೋಡಿಯೇ ಬಂದಿದ್ದರು. "ಈಗ... ಎದ್ದು ಹೋಗಿದ್ದಾನೆ."

ಆಕೆ ಭೂತಗನ್ನಡಿ ತೆಗೆದಳು. ಫೋನನ್ನು ಕೈಯಿಂದ ಮುಟ್ಟಲಿಲ್ಲ, ಚಿಮಟದ ತುದಿಯಿಂದ ಇವರತ್ತ ತಳ್ಳಿದಳು. "ಮಾಸ್ಟ್ರೇ, ಇದಕ್ಕೆ ಕಾಯಿಲೆ ಇಲ್ಲ. ಇದರ ಯಜಮಾನ ಹಾಕಿದ ಬೀಗ ಇದು. ಅವರೇ ಬಂದು ತೆಗೆದ್ರೆ ಒಂದು ನಿಮಿಷದ ಕೆಲಸ. ನಾನಂತೂ ಮುಟ್ಟಲ್ಲ. ಹೋದ ವರ್ಷ ಹೀಗೇ ಒಂದಕ್ಕೆ ಕೈ ಹಾಕಿ, ಅದು ಕಳ್ಳಮಾಲು ಅಂತಾಗಿ, ಮೂರು ದಿನ ಸ್ಟೇಷನ್ನಿಗೆ ಅಲೆದಿದ್ದೀನಿ."

"ಸ್ಟೇಷನ್ನಿಗಾ?"

"ಮತ್ತೆ? ಬೆಳಿಗ್ಗೆ ಹೋದ್ರೆ ಸಂಜೆವರೆಗೂ ಬೆಂಚಿನ ಮೇಲೆ ಕೂರ್ಸೋರು."

ಮಾಸ್ಟರರು ಫೋನನ್ನು ಎತ್ತಿ ಎದೆಯ ಜೇಬಿಗೆ ಹಾಕಿಕೊಂಡರು.

"ಎಲ್ಲಾದ್ರೂ ಎಸೆದುಬಿಡೋಣ ಅಂತ ಮಾತ್ರ ಮಾಡ್ಬೇಡಿ" ಎಂದು ಆಕೆ ಮತ್ತೆ ಬಗ್ಗಿದಳು. "ಎಲ್ಲಿದ್ದೀನಿ ಅಂತ ಅದೇ ಹೇಳುತ್ತಂತೆ."

ಅಲ್ಲಿಂದ ಅಂಗಡಿಗೆ ಮುನ್ನೂರು ಹೆಜ್ಜೆ. ಆ ಮುನ್ನೂರು ಹೆಜ್ಜೆಯಲ್ಲಿ ಮಾಸ್ಟರರಿಗೆ ಎದೆಯ ಜೇಬಿನಲ್ಲಿ ಕೆಂಡ ಇಟ್ಟುಕೊಂಡ ಹಾಗಿತ್ತು. ನಾಲ್ಕು ದಾರಿ ಕೂಡುವಲ್ಲಿ ನಿಂತಿದ್ದ ಪೊಲೀಸಿನವನು ಇವರ ಕಡೆ ತಿರುಗಿ ಆಕಳಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ಟರರು ಬರಿಯ ಆಕಳಿಕೆಗೇ ಜೇಬು ಮುಟ್ಟಿಕೊಂಡು ರಸ್ತೆ ದಾಟಿದರು, ಸ್ವಲ್ಪ ದೂರ ಹೋಗಿ ಮತ್ತೆ ಈಚೆಗೆ ದಾಟಿದರು. ಅಂಗಡಿ ಈಚೆಗೇ ಇತ್ತು.

ಆ ಮಧ್ಯಾಹ್ನ ಕತ್ತರಿಸಿದ ಅಂಗಿಯ ತೋಳಪಟ್ಟಿ ಕಾಲಿಂಚು ಓರೆಯಾಯಿತು. ಕಾಜಾ ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಇವರ ಮುಖ ನೋಡಿದಳು. ಬಾಯಿಗೆ ಬಂದ ತಮಾಷೆಯನ್ನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನುಂಗಿ, "ಏನಾಯ್ತು?" ಎಂದಳು. ಮಾಸ್ಟರರು ಹೇಳಿದರು.

"ಇಷ್ಟೇನಾ? ನೀವೇ ಸ್ಟೇಷನ್ನಿಗೆ ಹೋಗಿ ಕೊಟ್ಟುಬಿಡಿ. ನಾನು ಕದ್ದಿಲ್ಲ ಅನ್ನಿ."

"ಅಪ್ಪ ಅನ್ನಲಿಲ್ವಾ ಅಕ್ಕಾ? ನೂರು ಸಲ ಅಂದ."

ಅಕ್ಕ ದಾರ ಕಚ್ಚಿ ತುಂಡು ಮಾಡಿದಳು.

ಸಂಜೆ ಮನೆಯಲ್ಲಿ ಮಾಸ್ಟರರು ಎರಡು ತುತ್ತಿಗೇ ಕೈ ತೊಳೆದರು. ಬೀದಿಯಲ್ಲಿ ಬೈಕು ನಿಂತರೆ ಕಿವಿ ನಿಮಿರುತ್ತಿತ್ತು. ಪಕ್ಕದ ಮನೆಯ ಬಾಗಿಲು ಬಡಿದರೆ ಇವರು ಎದ್ದು ನಿಲ್ಲುತ್ತಿದ್ದರು. ಹೆಂಡತಿ ಇದನ್ನೆಲ್ಲ ನೋಡಿ, ವಿಷಯ ಕಕ್ಕಿಸಿ, ಫೋನನ್ನು ತಾನೇ ಕೈಗೆ ತೆಗೆದುಕೊಂಡಳು.

"ರೀ, ಅದೇನೋ ಲಾಕು ಅಂದ್ರಿ. ಕೆಳಗೆ ಸಣ್ಣಕ್ಕೆ ಏನೋ ಇದೆಯಲ್ಲ, ಅದನ್ನ ಓದಿದ್ರಾ?"

"ಮೇಲಿಂದು ಓದಿದ್ದೇ ಸಾಕಾಯ್ತು ನನಗೆ."

"ಖಾತೆ ನಂಬರು ಅಂತ ಎಂಟು ಚುಕ್ಕಿ ಇದೆ. ಕೊನೇಲಿ ನಲವತ್ತೇಳು. ಇದು ಯಜಮಾನರ ನಂಬರಿನ ಬಾಲ ಅಲ್ವೇನ್ರೀ? ಇಡೀ ಊರಿನ ನಂಬರು ನಿಮ್ಮ ಅಳತೆ ಪುಸ್ತಕದಲ್ಲಿದೆ ಅಂತ ಕೊಚ್ಕೋತೀರಲ್ಲ, ಹುಡುಕಿ ನೋಡಿ. ಸಿಕ್ಕಿದ್ರೆ ಅವರ ಕೈಗೇ ಕೊಟ್ಟುಬಿಡಿ, ಪೊಲೀಸು ಯಾಕೆ ಬೇಕು ನಡುವೆ?"

ಮಾಸ್ಟರರು ಹೆಂಡತಿಯನ್ನು ನೋಡಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ, ಈ ಯೋಚನೆ ತಮಗೇ ಬರುವುದರಲ್ಲಿತ್ತು ಎಂದು ಅವರು ಹೇಳದೆ ಹೋದ ಸಂದರ್ಭ ಇದೊಂದೇ.

ಮಂಗಳವಾರ ಬೆಳಿಗ್ಗೆ ಪುಸ್ತಕಗಳು ಕೆಳಗಿಳಿದವು. ಯಾರ ಅಳತೆ ತೆಗೆದರೂ ಮೇಲ್ತುದಿಯಲ್ಲಿ ಅವರ ಫೋನ್ ನಂಬರು ಬರೆಯುವುದು ವಾಡಿಕೆ. ಮಾಸ್ಟರರು ಬೆರಳಿಟ್ಟು ಒಂದೊಂದೇ ಹಾಳೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ನಲವತ್ತೇಳರಲ್ಲಿ ಮುಗಿಯುವವರು ಮೂವರು ಸಿಕ್ಕಿದರು.

ಮೊದಲನೆಯವನು ಬ್ಯಾಂಡಿನಲ್ಲಿ ಡೋಲು ಬಾರಿಸುವವನು. "ನಿಮ್ಮ ಫೋನು ಕಳೆದಿದೆಯಾ?" ಎಂದು ಕೇಳಿದ್ದಕ್ಕೆ, "ಕಳೆದಿದ್ರೆ ಈಗ ನಾನು ಯಾವುದರಲ್ಲಿ ಮಾತಾಡ್ತಿದ್ದೀನಿ ಮಾಸ್ಟ್ರೇ, ಡೋಲಲ್ಲಾ?" ಎಂದು ನಕ್ಕ. ಕೈಯಲ್ಲಿದ್ದದ್ದು ಆರು ವರ್ಷ ಹಳೆಯ ಫೋನೆಂದೂ ಹೇಳಿದ. ಎರಡನೆಯವರು ನಿವೃತ್ತ ಹೆಡ್‌ಮಿಸ್ಟ್ರೆಸ್. "ನಿಮ್ಮ ಖಾತೆ ಲಾಕ್ ಆಗಿದೆಯಾ ಮೇಡಂ?" ಎಂದು ಮಾಸ್ಟರರು ಬಾಯಿ ತೆರೆಯುವುದೇ ತಡ, "ನಿನ್ನಂಥ ಮೋಸಗಾರರ ಬಗ್ಗೆ ಪೇಪರಲ್ಲಿ ಓದಿದ್ದೀನಿ! ನಾಚ್ಕೆ ಆಗಲ್ವಾ? ಅಮ್ಮ ಇದ್ದಾಳಾ ನಿನಗೆ?" ಎಂದು ಶುರು ಮಾಡಿ, ಐದು ನಿಮಿಷ ಅವರನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದಂತೆ ಬೈದರು. ಮಾಸ್ಟರರು ಹೆಸರು ಹೇಳದೆ ಫೋನಿಟ್ಟರು. ಆಕೆಯ ಫೋನು ಆಕೆಯ ಬಳಿಯೇ ಇದೆ, ಗಟ್ಟಿಯಾಗಿಯೂ ಇದೆ ಎಂಬುದಂತೂ ಖಾತ್ರಿಯಾಯಿತು.

ಮೂರನೆಯ ಹೆಸರಿನ ಮೇಲಿಟ್ಟ ಬೆರಳು ಅಲ್ಲೇ ತಣ್ಣಗಾಯಿತು. "ಇನ್ಸ್‌ಪೆಕ್ಟರ್ ಸಾಹೇಬರು. ಯೂನಿಫಾರಂ ಎರಡು ಜೊತೆ. ಟ್ರಯಲ್ ಬುಧವಾರ ನಾಲ್ಕು ಗಂಟೆ."

"ಯಾರದಂತೆ?" ಎಂದಳು ಅಕ್ಕ.

ಮಾಸ್ಟರರು ಪುಸ್ತಕವನ್ನೇ ಅವಳತ್ತ ತಿರುಗಿಸಿದರು. ಅಕ್ಕ ಓದಿ, ಕೈಲಿದ್ದ ಅಂಗಿಯನ್ನು ಮೆಲ್ಲಗೆ ಮಡಿಲಿಗಿಳಿಸಿ, "ಅಯ್ಯೋ, ಹುಲಿ ಮೀಸೆ ಹಿಡಿದು ಮನೆಗೆ ಬಂದಿದ್ದೀರಲ್ಲ ಮಾಸ್ಟ್ರೇ" ಎಂದಳು.

ಇನ್ಸ್‌ಪೆಕ್ಟರ್ ಸಾಹೇಬರು ಆ ಸ್ಟೇಷನ್ನಿಗೇ ದೊಡ್ಡವರು. ಅವರ ದನಿಗೆ ಬೀದಿಯ ನಾಯಿಗಳು ಎದ್ದು ಜಾಗ ಬಿಡುತ್ತಿದ್ದವು. ಅವರಿಗಿದ್ದ ಒಂದೇ ಒಂದು ದೌರ್ಬಲ್ಯ ಊರಿನಲ್ಲಿ ಮಾಸ್ಟರರಿಗೆ ಮಾತ್ರ ಗೊತ್ತಿತ್ತು. ಅದು ಸೊಂಟದ್ದು. ಸಾಹೇಬರು ಕೆಲಸಕ್ಕೆ ಸೇರಿದಾಗ ಅವರ ಸೊಂಟ ಮೂವತ್ತಾರು. ಅದು ಈಗಲೂ ಮೂವತ್ತಾರೇ ಎಂಬ ನಂಬಿಕೆಯಲ್ಲಿ ಅವರು ಅಂಗಡಿಗೆ ಬರುತ್ತಿದ್ದರು. ಮಾಸ್ಟರರು ಟೇಪು ಸುತ್ತಿ, ಗಟ್ಟಿಯಾಗಿ "ಮೂವತ್ತಾರು" ಎಂದು ಕೂಗಿ, ಪುಸ್ತಕದಲ್ಲಿ ನಲವತ್ತೊಂದು ಎಂದು ಬರೆದುಕೊಳ್ಳುತ್ತಿದ್ದರು. ಬಟ್ಟೆ ಒಯ್ಯುವಾಗ ಸಾಹೇಬರು ಆ ಹಾಳೆಗೆ ಓದದೆಯೇ ಸಹಿ ಹಾಕುತ್ತಿದ್ದರು. ಗೇಣು ಬಟ್ಟೆಗೂ ಸಹಿ ಹಾಕಿಸುವ ಮನುಷ್ಯ ಐದು ಇಂಚನ್ನು ಹೀಗೆ ಬಾಯಲ್ಲೇ ನುಂಗುವುದು ಸರಿಯೇ ಎಂದರೆ, ಇದು ಮೋಸವಲ್ಲ, ದಾಕ್ಷಿಣ್ಯ ಎನ್ನುತ್ತಿದ್ದರು. ದಾಕ್ಷಿಣ್ಯವಿಲ್ಲದ ದರ್ಜಿಗೆ ಗಿರಾಕಿ ಇಲ್ಲ.

ಮಂಗಳವಾರ ಕಳೆಯಿತು. ಬುಧವಾರ ಬೆಳಿಗ್ಗೆ ಮಾಸ್ಟರರು ಒಂದು ತೀರ್ಮಾನಕ್ಕೆ ಬಂದರು: ಇವತ್ತು ಟ್ರಯಲ್ ಮುಗಿಯಲಿ, ಸಾಹೇಬರು ಹೋಗಲಿ, ಆಮೇಲೆ ಯೋಚಿಸೋಣ. ಹೆದರಿದವರ ತೀರ್ಮಾನಗಳೆಲ್ಲ ಸಾಮಾನ್ಯವಾಗಿ ಇದೇ ಆಗಿರುತ್ತವೆ. ಫೋನನ್ನು ಸ್ವಿಚ್ ಆಫ್ ಮಾಡಿ, ಕತ್ತರಿಸುವ ಮೇಜಿನ ಮೇಲಿದ್ದ, ಒಳಪದರಕ್ಕಿಡುವ ಅಸ್ತರಿನ ಬಟ್ಟೆಯ ರಾಶಿಯ ಕೆಳಗೆ ಹುದುಗಿಸಿದರು. ಅದು ನಿಜವಾಗಿ ಆರಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಮತ್ತೆ ತೆಗೆದು ಗುಂಡಿ ಒತ್ತಿ ನೋಡಿದರು. ಹೀಗೆ ನಾಲ್ಕು ಗಂಟೆಯೊಳಗೆ ಮೂರು ಸಲ. ಮೂರನೆಯ ಸಲ ಅದರ ಪರದೆ ಬೆಳಗಿತು. ಅಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ಫೋನನ್ನು ಹಾಗೇ ರಾಶಿಯೊಳಗೆ ತುರುಕಿದರು.

"ಏನು ಮಾಸ್ಟ್ರೇ, ಬೆವರ್ತಾ ಇದ್ದೀರಿ?" ಎಂದರು ಇನ್ಸ್‌ಪೆಕ್ಟರ್ ಸಾಹೇಬರು.

"ಇಸ್ತ್ರಿ ಶಾಖ ಸಾಹೇಬ್ರೆ."

ಸಾಹೇಬರು ತಣ್ಣಗೆ ಕೂತಿದ್ದ ಇಸ್ತ್ರಿಪೆಟ್ಟಿಗೆಯನ್ನು ಒಮ್ಮೆ ನೋಡಿದರು.

ಮೂಲೆಗೆ ಕಟ್ಟಿದ್ದ ಬಟ್ಟೆಯ ಪರದೆಯ ಹಿಂದೆ ಹೋಗಿ ಕಚ್ಚಾ ಹೊಲಿಗೆಯ ಹೊಸ ಪ್ಯಾಂಟು ತೊಟ್ಟು ಬಂದು, ಕನ್ನಡಿಯ ಮುಂದೆ ಉಸಿರು ಹಿಡಿದು ನಿಂತರು. "ನೋಡಿ, ಮೂವತ್ತಾರು ಅಂದ್ರೆ ಮೂವತ್ತಾರು. ನಮ್ಮ ಡಿಪಾರ್ಟ್‌ಮೆಂಟಲ್ಲಿ ಈ ವಯಸ್ಸಿಗೆ ಹೀಗೆ ಯಾರಿದ್ದಾರೆ ಹೇಳಿ?"

"ಯಾರೂ ಇಲ್ಲ ಸಾಹೇಬ್ರೆ" ಎಂದು ಮಾಸ್ಟರರು ಬಾಯಲ್ಲಿ ಒಂಬತ್ತು ಗುಂಡುಸೂಜಿ ಕಚ್ಚಿಕೊಂಡು ಅವರ ಕಾಲ ಬಳಿ ಮಂಡಿಯೂರಿದರು. ಮೊದಲ ಕಾಲಿನ ಅಂಚು ಮಡಚಿ ಸೂಜಿ ಚುಚ್ಚಿದ್ದಾಯಿತು. ಎರಡನೆಯ ಕಾಲು ಎತ್ತಲು ಸಾಹೇಬರು ಆಸರೆಗೆಂದು ಮೇಜಿನ ಮೇಲೆ, ಅಸ್ತರಿನ ರಾಶಿಯ ಮೇಲೆ, ತಮ್ಮ ದಪ್ಪ ಅಂಗೈಯನ್ನು ಊರಿ ಭಾರ ಬಿಟ್ಟರು. ರಾಶಿಯೊಳಗೆ ಫೋನಿನ ಪಕ್ಕದ ಗುಂಡಿಗಳು ಅದುಮಿಕೊಂಡವು. ಆ ಗುಂಡಿಗಳು ಒತ್ತಿಕೊಂಡರೆ ಕಣ್ಣು ಕಾಣದವರಿಗೆ ಓದಿ ಹೇಳುವ ಏರ್ಪಾಡೊಂದು ಅದರಲ್ಲಿ ಶುರುವಾಗುತ್ತದೆ ಎಂದು ಮಾಸ್ಟರರಿಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಬಟ್ಟೆಯ ರಾಶಿಯಿಂದ ಹೆಣ್ಣುದನಿಯೊಂದು ಸ್ಪಷ್ಟವಾಗಿ, ಗಂಭೀರವಾಗಿ ನುಡಿಯಿತು: "ಈ ಸಾಧನ ಲಾಕ್ ಆಗಿದೆ. ಮಾಲೀಕರ ಖಾತೆಯಿಂದ ಒಳಗೆ ಬನ್ನಿ. ಕೊನೆಯ ಅಂಕಿಗಳು, ನಾಲ್ಕು, ಏಳು."

ಸಾಹೇಬರು ಕೈ ಎತ್ತಿದರು. ಒಂದು ಕಾಲ ಮೇಲೆ ನಿಂತೇ ಕಾಜಾ ಅಕ್ಕನ ಕಡೆ ತಿರುಗಿದರು.

"ನಾನಲ್ಲ ಸಾಹೇಬ್ರೆ" ಎಂದಳು ಅಕ್ಕ. "ನಾನು ಇಷ್ಟು ಮರ್ಯಾದೆಯಾಗಿ ಮಾತಾಡಲ್ಲ."

ಮಾಸ್ಟರರ ಜೀವ ಬಾಯಿಗೆ ಬಂದಿತ್ತು, ಆದರೆ ಬಾಯಲ್ಲಿ ಜಾಗವಿರಲಿಲ್ಲ. ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು. ಐದು. ಆರು. ಸಾಹೇಬರು ಕಾಯುತ್ತಿದ್ದರು. ಮಾಸ್ಟರರ ಕಣ್ಣ ಮುಂದೆ ಅಪ್ಪನ ಮೊಣಕಾಲ ಮೇಲಿನ ಊಟದ ಡಬ್ಬಿ. ಕೊನೆಯ ಸೂಜಿ ಹೊರಬಂದದ್ದೇ ತಡ, ಮಾತು ಕಟ್ಟೆಯೊಡೆಯಿತು.

"ನಾನು ಕದ್ದಿಲ್ಲ ಸಾಹೇಬ್ರೆ, ತೊಳೆದೆ ಅಷ್ಟೇ! ಬಸ್ ಸ್ಟ್ಯಾಂಡಲ್ಲಿ ಚಾದರ ಹಾಸ್ಕೊಂಡು ಕೂತಿದ್ದ, ಡಾಕ್ಟರದ್ದು ಅಂದ, ನಾನು ಬಿಲ್ಲು ಕೇಳ್ಲಿಲ್ಲ, ತಪ್ಪು ನಂದೇ. ನೀರಿಗೆ ಹಾಕದೆ ಏನನ್ನೂ ಮುಟ್ಟೋ ಅಭ್ಯಾಸ ನನಗಿಲ್ಲ. ತೊಳೆದ ಮೇಲೆ ಲಾಕು ಅಂತು. ನಲವತ್ತೇಳು ಅಂತು. ಪುಸ್ತಕದಲ್ಲಿ ನೀವು ಬಂದ್ರಿ. ನನ್ನ ಅಪ್ಪನ ಆಣೆ, ಒಳಗೆ ಏನಿದೆ ಅಂತ ಕೂಡ ನೋಡಿಲ್ಲ."

ಸಾಹೇಬರು ರಾಶಿಯೊಳಗೆ ಕೈ ಹಾಕಿ ಫೋನು ಎಳೆದರು. ಮೂಲೆಯಲ್ಲಿದ್ದ ಒಂದು ಗೀರಿನ ಮೇಲೆ ಹೆಬ್ಬೆರಳಾಡಿಸಿದರು. ಮುಖ ಬೂದಿಯಾಯಿತು. ಬಾಗಿಲಿಗೆ ಹೋದರು, ಬೀದಿಯ ಎರಡೂ ಕಡೆ ನೋಡಿದರು, ಶಟರನ್ನು ಅರ್ಧಕ್ಕೆ ಎಳೆದರು.

"ಅಮ್ಮಾ" ಎಂದರು ಅಕ್ಕನಿಗೆ. "ಮೂರು ಟೀ ತಗೊಂಡು ಬನ್ನಿ. ಅವಸರ ಏನಿಲ್ಲ, ನಿಧಾನವಾಗಿ ಬನ್ನಿ."

ಅಕ್ಕ ಬಗ್ಗಿ ಶಟರಿನ ಕೆಳಗಿಂದ ಹೊರಟಳು. ಹೋಗುವಾಗ, ಇನ್ನು ನೋಡುತ್ತೇನೋ ಇಲ್ಲವೋ ಎಂಬಂತೆ ಮಾಸ್ಟರರನ್ನೊಮ್ಮೆ ತಿರುಗಿ ನೋಡಿದಳು. ಮಾಸ್ಟರರು ಇನ್ನೂ ಮಂಡಿಯ ಮೇಲೆಯೇ ಇದ್ದರು.

ಸಾಹೇಬರು ಬಂದು, ಒಂದು ಕಾಲಿನ ಅಂಚು ಮಡಚಿ, ಇನ್ನೊಂದು ನೆಲ ಗುಡಿಸುತ್ತಿದ್ದ ಪ್ಯಾಂಟಿನಲ್ಲೇ, ಬಾಗಿಲ ಬಳಿಯ ಬೆಂಚಿನ ಮೇಲೆ ಕುಸಿದು ಕೂತರು. ಕೇಳಿದ ಪ್ರಶ್ನೆ ಬಹಳ ಮೆತ್ತಗಿತ್ತು.

"ಮಾಸ್ಟ್ರೇ, ಇದನ್ನ ಯಾರಿಗೆಲ್ಲ ಹೇಳಿದ್ದೀರಿ?"

ಮಾಸ್ಟರರು ಆ ದನಿಯನ್ನು ಗುರುತು ಹಿಡಿದರು. ಮೂರು ದಿನದಿಂದ ತಮ್ಮ ಗಂಟಲಿನಲ್ಲಿದ್ದದ್ದೂ ಅದೇ ದನಿ. "ನಿಮ್ಮದು ಅಂತ... ಅಕ್ಕನಿಗೆ ಮಾತ್ರ ಗೊತ್ತು."

"ನಾಲ್ಕು ತಿಂಗಳಾಯ್ತು" ಎಂದರು ಸಾಹೇಬರು. "ಒಂದು ಸ್ಕೂಲಲ್ಲಿ ಭಾಷಣ ಇತ್ತು. ಜೀಪು ಕೆಟ್ಟಿತ್ತು, ಬಸ್ಸಲ್ಲಿ ಹೋದೆ. ವಿಷಯ ಏನು ಗೊತ್ತಾ? 'ಜೇಬುಗಳ್ಳರಿಂದ ಎಚ್ಚರ.' ಮುಕ್ಕಾಲು ಗಂಟೆ ಮಾತಾಡಿ, 'ಫೋನು ಹೇಗೆ ಭದ್ರವಾಗಿ ಇಟ್ಕೋಬೇಕು ನೋಡಿ ಮಕ್ಕಳೇ' ಅಂತ ಜೇಬಿಗೆ ಕೈ ಹಾಕಿದೆ." ಮೀಸೆ ಸವರಿಕೊಂಡರು. "ಕರ್ಚೀಫು ತೆಗೆದು ತೋರ್ಸಿದೆ."

"ಕಂಪ್ಲೇಂಟು ಕೊಡ್ಲಿಲ್ವಾ?"

"ಯಾರಿಗೆ ಕೊಡ್ಲಿ? ನನಗೇನಾ?" ಸಾಹೇಬರು ಬಾಗಿಲ ಕಡೆ ನೋಡಿ ದನಿ ಇನ್ನಷ್ಟು ತಗ್ಗಿಸಿದರು. "ಬರ್ಕೊಳ್ಳೋನು ನನ್ನ ಕೈಕೆಳಗಿನವನು. ನಾಳೆ ಇಡೀ ಸ್ಟೇಷನ್ನು ಮುಖ ತಿರುಗ್ಸಿ ನಗುತ್ತೆ. ಸಿಮ್ಮು ಹಾಳಾಯ್ತು ಅಂತ ಹೇಳಿ ಅದೇ ನಂಬರಿಗೆ ಹೊಸದು ತಗೊಂಡೆ. ಅಂದಿನಿಂದ ಒಂದೇ ಹೆದರಿಕೆ, ಯಾವನಾದ್ರೂ ಕಳ್ಳ ಸಿಕ್ಕಿಬಿದ್ದು, ಇದು ಮಾಲಿನ ಜೊತೆ ಮೇಜಿನ ಮೇಲೆ ಬಂದು ಕೂತ್ರೆ?"

ಇಷ್ಟು ಹೇಳಿ ತಮ್ಮ ಹೊಸ ಫೋನು ತೆಗೆದರು. ಹಳೆಯದರಲ್ಲಿ ತಮ್ಮ ನಂಬರು ಒತ್ತಿದರು. ಹೊಸದಕ್ಕೆ ಗುಟ್ಟಿನ ಅಂಕಿಗಳು ಬಂದವು. ಸಾಹೇಬರ ಕನ್ನಡಕ ಸ್ಟೇಷನ್ನಿನಲ್ಲೇ ಉಳಿದಿತ್ತು. ಮಾಸ್ಟರರು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಅಳತೆ ಕೂಗುವ ದನಿಯಲ್ಲಿ ಶುರು ಮಾಡಿ, "ಮೆತ್ತಗೆ, ಮೆತ್ತಗೆ" ಎಂದು ಬೈಸಿಕೊಂಡು, ಒಂದೊಂದಾಗಿ ಓದಿ ಹೇಳಿದರು. ಆರನೆಯ ಅಂಕಿಗೆ ಬೀಗ ಬಿಟ್ಟಿತು. ಒಳಗೆ ಏನೂ ಇರಲಿಲ್ಲ. ಒಗೆದು ಒಣಗಿಸಿದ ಬಿಳಿ ಬಟ್ಟೆಯ ಹಾಗೆ ಖಾಲಿ.

"ಎಲ್ಲಾ ಹೋಯ್ತಾ?" ಎಂದರು ಸಾಹೇಬರು.

"ಪೂರ್ತಿ ಮುಳುಗಿಸಿದ್ದೆ ಸಾಹೇಬ್ರೆ."

"ಹಾಡು ಗೀಡು ಏನೂ ಕೇಳ್ಲಿಲ್ಲ ತಾನೇ ನೀವು?"

"ಯಾವ ಹಾಡು?"

ಸಾಹೇಬರು ಸುದೀರ್ಘವಾಗಿ ಉಸಿರು ಬಿಟ್ಟರು. ಹೊಟ್ಟೆ ತನ್ನ ನಿಜವಾದ ಜಾಗಕ್ಕೆ ಬಂತು. "ಏನಿಲ್ಲ. ಬಾತ್‌ರೂಮಲ್ಲಿ ಹೇಳಿದ್ದು ಹತ್ತು ಹನ್ನೆರಡು ಇತ್ತು. ಹೋಗ್ಲಿ ಬಿಡಿ." ತಮ್ಮ ಖಾತೆಯನ್ನು ಅದರಿಂದ ಬಿಡಿಸಿ, ಫೋನನ್ನು ಮಾಸ್ಟರರ ಕೈಗೆ ಕೊಡಲು ಚಾಚಿದರು. "ಇಟ್ಕೊಳ್ಳಿ. ಇನ್ನು ಇದು ನಿಮ್ಮದು."

ಮಾಸ್ಟರರ ಕೈ ಮುಂದೆ ಬರಲಿಲ್ಲ. "ಬೇಡ ಸಾಹೇಬ್ರೆ. ನಾಳೆ ಯಾರಾದ್ರೂ ಇದು ಇನ್ಸ್‌ಪೆಕ್ಟರದ್ದು, ದರ್ಜಿ ಹತ್ರ ಹೇಗೆ ಬಂತು ಅಂದ್ರೆ? ನೀವೇ ತಗೊಳ್ಳಿ. ತಗೊಂಡೆ ಅಂತ ಒಂದು ಚೀಟಿ ಮಾತ್ರ ಬರೆದುಕೊಡಿ."

"ಚೀಟೀನಾ?" ಸಾಹೇಬರು ಹೌಹಾರಿದರು. "ಕಳೆದಿತ್ತು, ಸಿಕ್ತು ಅಂತ ನನ್ನ ಕೈಯಾರೆ ಬರೀಲಾ? ಅದಕ್ಕಿಂತ ಪೇಪರಲ್ಲಿ ಹಾಕ್ಸಿ."

"ಚೀಟಿ ಇಲ್ದೆ ಆಗಲ್ಲ ಸಾಹೇಬ್ರೆ." ಮಾಸ್ಟರರಿಗೆ ತಮ್ಮ ದನಿಯೇ ಹೊಸದಾಗಿ ಕೇಳಿಸಿತು. "ನಮ್ಮಪ್ಪನಿಗೆ ಯಾರೂ ಬರೆದುಕೊಡ್ಲಿಲ್ಲ."

ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ನಡುವೆ ಫೋನು. ಶಟರಿನ ಕೆಳಗೆ ಯಾರದೋ ಚಪ್ಪಲಿಗಳು ಹಾದುಹೋದವು. ಇಬ್ಬರೂ ಒಟ್ಟಿಗೆ ಉಸಿರು ಬಿಗಿಹಿಡಿದರು.

ಚಪ್ಪಲಿ ಸದ್ದು ಅಡಗಿದ ಮೇಲೆ ಮಾಸ್ಟರರು ಎದ್ದರು. ಯೂನಿಫಾರಂ ಕತ್ತರಿಸಿ ಉಳಿದಿದ್ದ ಗೇಣಗಲದ ತುಂಡು ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ತಂದು, ಫೋನನ್ನು ಅದರಲ್ಲಿ ಸುತ್ತಿ, ನಾಲ್ಕು ಮೂಲೆ ಮಡಚಿ, ಗುಂಡುಸೂಜಿ ಚುಚ್ಚಿದರು. ಅಳತೆ ಪುಸ್ತಕ ತೆರೆದು, ಸಾಹೇಬರ ಹಾಳೆಯಲ್ಲಿ, ಎಲ್ಲ ಗಿರಾಕಿಗಳಿಗೂ ಬರೆಯುವ ಹಾಗೆಯೇ ಬರೆದರು: "ಉಳಿದದ್ದು ವಾಪಸ್ಸು ಬಂತು. ಒಂದು ಕಟ್ಟು." ತಾರೀಖು ಹಾಕಿದರು. ಪುಸ್ತಕವನ್ನೂ ಪೆನ್ನನ್ನೂ ಬೆಂಚಿನ ಮೇಲಿಟ್ಟರು.

ಸಾಹೇಬರು ಅದನ್ನು ಹಿಡಿದು ದೂರ ಮಾಡಿ ಓದಿದರು. ಮೀಸೆಯ ತುದಿ ಸಡಿಲಾಯಿತು. "ಇದಕ್ಕೆ ಹಾಕ್ಬಹುದು" ಎಂದು ಪೆನ್ನು ತೆಗೆದುಕೊಂಡರು. ಸಹಿಗೆ ಜಾಗ ಹುಡುಕುತ್ತಾ ಹೋದ ಪೆನ್ನಿನ ಮೊನೆ ಎರಡು ಸಾಲು ಮೇಲೆ ನಿಂತಿತು.

"ಇದೇನು ಮಾಸ್ಟ್ರೇ? ಸೊಂಟ, ನಲವತ್ತೊಂದು?"

ಆರಿದ್ದ ಬೆವರು ಮತ್ತೆ ಒಡೆಯಿತು. ಅಪ್ಪನ ಆಣೆ ಈಗಷ್ಟೇ ಖರ್ಚಾಗಿತ್ತು. ಇನ್ನೊಂದು ಆಣೆಗೆ ಯಾರೂ ನೆನಪಾಗಲಿಲ್ಲ. ಮಾಸ್ಟರರು ನೆಲ ನೋಡಿದರು.

ಸಾಹೇಬರು ಬಿರುಕು ಬಿಟ್ಟ ಕನ್ನಡಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಕಟ್ಟನ್ನು ನೋಡಿದರು.

"ಈ ಪುಸ್ತಕ ಯಾರಿಗೂ ತೋರ್ಸಲ್ಲ ತಾನೇ?"

"ಮೂವತ್ತೊಂದು ವರ್ಷದಿಂದ ಯಾರಿಗೂ ತೋರ್ಸಿಲ್ಲ."

ಸಹಿ ಬಿತ್ತು.

ಪ್ಯಾಂಟು ಬದಲಿಸಿ, ಕಟ್ಟನ್ನು ಕಂಕುಳಲ್ಲಿರಿಸಿಕೊಂಡು, ಶಟರೆತ್ತಿ, ಸಾಹೇಬರು ಎಂದಿನ ದನಿಯಲ್ಲಿ "ಶನಿವಾರಕ್ಕೆ ರೆಡಿ ಇರ್ಬೇಕು!" ಎಂದು ಗುಡುಗಿ ಹೋದರು. ಬೀದಿಯ ನಾಯಿ ಎದ್ದು ಜಾಗ ಬಿಟ್ಟಿತು.

ಕಾಜಾ ಅಕ್ಕ ಮೂರು ಟೀ ಹಿಡಿದು ಬಂದಳು. ಬಹಳ ಹೊತ್ತಿನಿಂದ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದಳೆಂದು ಟೀ ಮೇಲಿನ ಕೆನೆಯೇ ಹೇಳುತ್ತಿತ್ತು. ಮಾಸ್ಟರರು ಇನ್ನೂ ಅಂಗಡಿಯೊಳಗೇ ಇರುವುದನ್ನು ಕಂಡು ಅವಳ ಕಣ್ಣು ತುಂಬಿತು. ಆದರೆ ಬಾಯಿಗೆ ಅದು ಗೊತ್ತಾಗಲಿಲ್ಲ.

"ಏನು ಮಾಸ್ಟ್ರೇ, ಬೆಂಚಿನ ಮೇಲೆ ಕೂರ್ಸಿದ್ರಾ?"

ಮಾಸ್ಟರರು ಸಹಿಯ ಮೇಲೆ ಮೆಲ್ಲಗೆ ಊದುತ್ತಿದ್ದರು. ಶಾಯಿ ಆರಿದೆಯೆಂದು ಖಾತ್ರಿಯಾದ ಮೇಲೆ ಪುಸ್ತಕ ಮುಚ್ಚಿ, ಟೀಗೆ ಕೈ ಚಾಚಿದರು.

"ಇಲ್ಲ ಅಕ್ಕಾ" ಎಂದರು. "ಅವರೇ ಕೂತಿದ್ರು."